ಚಿತ್ರಕ್ಕೆ ಕತ್ತರಿ ಬಿದ್ದ ಕತೆ

1893ರ ಫೆಬ್ರವರಿ 22. ನ್ಯೂಯಾರ್ಕಿನಲ್ಲಿ ಹಿಮದ ಬಿರುಗಾಳಿ. ಫಿಫ್ತ್ ಅವೆನ್ಯೂ ರಸ್ತೆಯ ಮಗ್ಗುಲಲ್ಲಿ ಇಪ್ಪತ್ತೊಂಬತ್ತು ವರ್ಷದ ಒಬ್ಬ ಯುವಕ, ಗೆಳೆಯನಿಂದ ಎರವಲು ತಂದ ಕೈಕ್ಯಾಮೆರಾ ಹಿಡಿದು ಸುಮಾರು ಮೂರು ಗಂಟೆ ಹೊತ್ತು ನಿಂತೇ ಇದ್ದ. ಕೊನೆಗೆ ಕುದುರೆಗಳು ಎಳೆಯುವ ಒಂದು ಗಾಡಿ ಹಿಮವನ್ನು ಸೀಳಿಕೊಂಡು ಅವನತ್ತಲೇ ಬಂತು. ಗಾಡಿಯವನ ಚಾಟಿ ಮೇಲೆದ್ದಿತ್ತು. ಯುವಕ ಕ್ಲಿಕ್ ಮಾಡಿದ.

ಅವನ ಹೆಸರು ಆಲ್ಫ್ರೆಡ್ ಸ್ಟೀಗ್ಲಿಟ್ಸ್. ಮುಂದೆ ಅಮೆರಿಕದಲ್ಲಿ ಫೋಟೊಗ್ರಫಿಗೆ ಕಲೆಯ ಪಟ್ಟ ಕಟ್ಟಿಸಿದವರಲ್ಲಿ ಮೊದಲಿಗ. ಆದರೆ ಅವತ್ತು ಆ ನೆಗೆಟಿವನ್ನು ತನ್ನ ಫೋಟೊಗ್ರಫಿ ಕ್ಲಬ್ಬಿನ ಗೆಳೆಯರಿಗೆ ತೋರಿಸಿದಾಗ ಅವರು ನಕ್ಕರು. ಮಸುಕಾಗಿದೆ, ಎಸೆದುಬಿಡು ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಿಮದ ತೆರೆಯ ಹಿಂದೆ ಗಾಡಿ ಚಿಕ್ಕದಾಗಿ ಕಾಣುತ್ತಿತ್ತು, ಎರಡೂ ಪಕ್ಕದಲ್ಲಿ ರಸ್ತೆ ಸುಮ್ಮನೆ ಹರಡಿಕೊಂಡಿತ್ತು. ಸ್ಟೀಗ್ಲಿಟ್ಸ್ ಅದನ್ನು ಎಸೆಯಲಿಲ್ಲ. ಬದಿಗಳನ್ನು ಬಿಟ್ಟು, ನಡುವಿನ ಭಾಗವನ್ನಷ್ಟೇ ಹಿಗ್ಗಿಸಿ, ನಿಂತ ಆಕಾರದ ಚಿತ್ರವಾಗಿ ಮುದ್ರಿಸಿದ. ಈಗ ನೋಡಿದರೆ ಹಿಮದಲ್ಲಿ ಚಕ್ರಗಳು ಕೊರೆದ ಗೆರೆಗಳು ಚಿತ್ರದ ಬುಡದಿಂದ ಮೇಲೆದ್ದು, ಕಣ್ಣನ್ನು ಕೈಹಿಡಿದು ಗಾಡಿಯ ಹತ್ತಿರ ಒಯ್ಯುತ್ತವೆ. ‘ವಿಂಟರ್, ಫಿಫ್ತ್ ಅವೆನ್ಯೂ’ ಎಂಬ ಹೆಸರಿನ ಆ ಚಿತ್ರ ಇವತ್ತಿಗೂ ಫೋಟೊಗ್ರಫಿಯ ಇತಿಹಾಸದ ಪುಸ್ತಕಗಳಲ್ಲಿ ಬರುತ್ತದೆ.

ಚಿತ್ರದ ಅಂಚು ಕತ್ತರಿಸುವುದೂ ಒಂದು ಆವಿಷ್ಕಾರವೇ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ಕ್ರಾಪ್ ಮಾಡುವ ನಮಗೆ ಇದು ಯಾವಾಗಲೂ ಇದ್ದ ವಿದ್ಯೆ ಎನ್ನಿಸುತ್ತದೆ. ಹಾಗಿರಲಿಲ್ಲ. ಫೋಟೊಗ್ರಫಿಯ ಮೊದಲ ಕೆಲವು ದಶಕಗಳಲ್ಲಿ ಗಾಜಿನ ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಒತ್ತಿಟ್ಟು ಬಿಸಿಲಿಗೆ ಹಿಡಿದೇ ಸಾಮಾನ್ಯವಾಗಿ ಪ್ರಿಂಟ್ ತೆಗೆಯುತ್ತಿದ್ದರು. ಗಾಜು ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕಾದರೆ ದೊಡ್ಡ ಗಾಜನ್ನೇ ಹೊರಬೇಕು. 1861ರಲ್ಲಿ ಛಾಯಾಗ್ರಾಹಕ ಕಾರ್ಲ್‌ಟನ್ ವಾಟ್ಕಿನ್ಸ್ ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಯನ್ನು ಚಿತ್ರಿಸಲು ಹೋದಾಗ ಸುಮಾರು 18×22 ಇಂಚಿನ ಗಾಜಿನ ಹಲಗೆಗಳು, ಅವನ್ನು ಹಿಡಿಸುವಷ್ಟು ದೊಡ್ಡ ಕ್ಯಾಮೆರಾ, ರಾಸಾಯನಿಕಗಳ ಸೀಸೆಗಳು ಎಲ್ಲವನ್ನೂ ಹೇಸರಗತ್ತೆಗಳ ಮೇಲೆ ಹೇರಿಕೊಂಡು ಬೆಟ್ಟ ಹತ್ತಿದ. ಆ ಚಿತ್ರಗಳು ಎಷ್ಟು ಪರಿಣಾಮ ಬೀರಿದವೆಂದರೆ, 1864ರಲ್ಲಿ ಅಧ್ಯಕ್ಷ ಲಿಂಕನ್ ಆ ಕಣಿವೆಯನ್ನು ರಕ್ಷಿಸುವ ಕಾಯ್ದೆಗೆ ಸಹಿ ಹಾಕಿದ್ದರ ಹಿಂದೆ ಅವುಗಳ ಪಾಲೂ ಇತ್ತೆಂದು ಇತಿಹಾಸಕಾರರು ನೆನೆಯುತ್ತಾರೆ. ಅಷ್ಟು ಪಾಡುಪಟ್ಟು ತಂದ ಗಾಜಿನ ಪ್ರಿಂಟಿಗೆ ಯಾರು ಕತ್ತರಿ ಹಾಕುತ್ತಾರೆ? ಕತ್ತರಿಸಿದರೆ ಚಿತ್ರ ಚಿಕ್ಕದಾಗುತ್ತದೆ, ಅಷ್ಟೇ. ಹಾಗಾಗಿ ಅಂದಿನ ನಿಸರ್ಗ ಛಾಯಾಗ್ರಾಹಕನ ಜಾಣ್ಮೆಯೆಲ್ಲ ಕ್ಯಾಮೆರಾವನ್ನು ಎಲ್ಲಿ ಊರಬೇಕು ಎಂಬುದರಲ್ಲೇ ಖರ್ಚಾಗುತ್ತಿತ್ತು.

1880ರ ದಶಕದಲ್ಲಿ ಬೆಳಕಿಗೆ ಚುರುಕಾಗಿ ಸ್ಪಂದಿಸುವ ಬ್ರೋಮೈಡ್ ಕಾಗದ ಬಂದ ಮೇಲೆ ಆಟ ಬದಲಾಯಿತು. ಚಿಕ್ಕ ನೆಗೆಟಿವಿನಿಂದ ದೀಪದ ಬೆಳಕಿನಲ್ಲೇ ದೊಡ್ಡ ಪ್ರಿಂಟ್ ತೆಗೆಯುವುದು ಸುಲಭವಾಯಿತು. ಹಿಗ್ಗಿಸುವುದೇ ಆದಮೇಲೆ ಪೂರ್ತಿಯಾಗಿ ಏಕೆ ಹಿಗ್ಗಿಸಬೇಕು, ಬೇಕಾದ ತುಂಡನ್ನು ಹಿಗ್ಗಿಸಿದರಾಯಿತಲ್ಲ? ಸ್ಟೀಗ್ಲಿಟ್ಸ್ ಹಿಡಿದದ್ದು ಈ ಎಳೆಯನ್ನು. ಕೈಕ್ಯಾಮೆರಾದ ಬಗ್ಗೆ 1897ರಲ್ಲಿ ಬರೆದ ಲೇಖನದಲ್ಲಿ, ತನ್ನ ನೆಗೆಟಿವ್‌ಗಳೆಲ್ಲ ಹಿಗ್ಗಿಸುವುದಕ್ಕೆಂದೇ ತೆಗೆದವು, ಅವುಗಳ ಪೂರ್ತಿ ಭಾಗವನ್ನು ಬಳಸುವುದೇ ಅಪರೂಪ ಎಂದು ಆತ ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಚಿತ್ರ ಹುಟ್ಟುವುದು ಎರಡು ಸಲ: ಒಮ್ಮೆ ಬಯಲಲ್ಲಿ, ಇನ್ನೊಮ್ಮೆ ಕತ್ತಲಕೋಣೆಯಲ್ಲಿ. ಇದನ್ನು ಲಜ್ಜೆಯಿಲ್ಲದೆ ಒಪ್ಪಿಕೊಂಡದ್ದೇ ಆತನ ನಿಜವಾದ ಶೋಧ. ತಮಾಷೆಯೆಂದರೆ, ಮುಂದೆ ಅದೇ ಸ್ಟೀಗ್ಲಿಟ್ಸ್ ನೆಗೆಟಿವಿನ ಕಾಲಂಗುಲವನ್ನೂ ಬಿಟ್ಟುಕೊಡದ ಮಡಿವಂತ ಎಂದು ಹೆಸರಾದ!

ಏನನ್ನು ಕತ್ತರಿಸಬೇಕು, ಏನನ್ನು ಉಳಿಸಬೇಕು ಎಂಬ ಲೆಕ್ಕ ಮಾತ್ರ ಕ್ಯಾಮೆರಾಕ್ಕಿಂತ ಹಳೆಯದು. ಇವತ್ತು ಫೋನಿನ ಕ್ಯಾಮೆರಾದಲ್ಲಿ ಅಡ್ಡ ಎರಡು, ಉದ್ದ ಎರಡು ಗೆರೆಗಳ ಜಾಲರಿ ಮೂಡುತ್ತದಲ್ಲ, ಅದರ ಮೂಲ 1797ರ ಒಂದು ಇಂಗ್ಲಿಷ್ ಪುಸ್ತಕದಲ್ಲಿದೆ. ಬರೆದವನು ಜಾನ್ ಥಾಮಸ್ ಸ್ಮಿತ್ ಎಂಬ ಲಂಡನ್ನಿನ ಕೆತ್ತನೆಗಾರ, ಮುಂದೆ ಬ್ರಿಟಿಷ್ ಮ್ಯೂಸಿಯಮ್ಮಿನ ಮುದ್ರಿತ ಚಿತ್ರಗಳ ವಿಭಾಗದ ಪಾಲಕನಾದವನು. ಪುಸ್ತಕ ಹಳ್ಳಿಯ ಗುಡಿಸಲುಗಳ ಅಂದಚೆಂದದ ಕುರಿತಾದದ್ದು. ಒಂದು ಚಿತ್ರದಲ್ಲಿ ಸಮಬಲದ ಎರಡು ಬೆಳಕುಗಳು ಇರಬಾರದು, ಒಂದು ಮುಖ್ಯವಾಗಿ ಉಳಿದದ್ದು ಅದಕ್ಕೆ ಅಧೀನವಾಗಿರಬೇಕು ಎಂದು ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಹೇಳಿದ್ದನ್ನು ಸ್ಮಿತ್ ಬೆಳೆಸಿದ. ಆಕಾಶಕ್ಕೆ ಮೂರರಲ್ಲಿ ಒಂದು ಪಾಲು ಕೊಟ್ಟರೆ ನೆಲಕ್ಕೆ ಎರಡು ಪಾಲು ಕೊಡಿ, ಇಲ್ಲವೇ ತಿರುಗಮುರುಗ ಮಾಡಿ. ನೀರು ಮತ್ತು ನೆಲ ಸೇರಿದಾಗಲೂ ಅದೇ ಲೆಕ್ಕ ಎಂದ. ಇದಕ್ಕೆ ‘ಮೂರರ ನಿಯಮ’ ಎಂದು ಹೆಸರಿಟ್ಟವನೂ ಅವನೇ.

ಗಮನಿಸಿ, ಸ್ಮಿತ್ ಮಾತಾಡಿದ್ದು ಪಾಲಿನ ಬಗ್ಗೆ. ಗೆರೆಗಳು ಒಂದನ್ನೊಂದು ಕತ್ತರಿಸುವ ನಾಲ್ಕು ಬಿಂದುಗಳಲ್ಲಿ ಒಂದರ ಮೇಲೆ ಹುಲಿಯ ಕಣ್ಣನ್ನು ಕೂರಿಸಿ ಎನ್ನುವುದು ಆಮೇಲೆ ಅಂಟಿಕೊಂಡ ಪಾಠ. ನನಗೆ ಸ್ಮಿತ್‌ನ ಮೂಲ ಮಾತೇ ಹೆಚ್ಚು ಉಪಯುಕ್ತ ಎನ್ನಿಸಿದೆ. ಹಂಪಿಯ ಮಾತಂಗ ಬೆಟ್ಟದ ಮೇಲಿಂದ ಬೆಳಗಿನ ಜಾವ ತೆಗೆದ ಚಿತ್ರ ನಿಮ್ಮ ಬಳಿ ಇದ್ದರೆ ತೆಗೆದು ನೋಡಿ. ಸಾಮಾನ್ಯವಾಗಿ ದಿಗಂತ ಸರಿಯಾಗಿ ನಡುವೆ ಇರುತ್ತದೆ, ಏಕೆಂದರೆ ನಾವು ಕ್ಯಾಮೆರಾ ಹಿಡಿಯುವುದೇ ಹಾಗೆ. ಆಕಾಶದಲ್ಲಿ ಮೋಡವಿಲ್ಲ, ಬಣ್ಣವಿಲ್ಲ, ಆದರೂ ಅರ್ಧ ಚಿತ್ರ ಅದರ ಪಾಲಿಗೆ ಹೋಗಿದೆ. ಮೇಲಿನಿಂದ ಕತ್ತರಿಸುತ್ತಾ ಬನ್ನಿ. ಆಕಾಶ ಮೂರನೇ ಒಂದಕ್ಕೆ ಇಳಿದಾಗ ಬಂಡೆಗಳಿಗೆ ತೂಕ ಬರುತ್ತದೆ. ಇನ್ನೂ ಇಳಿಸಿ ಒಂದು ತೆಳು ಪಟ್ಟಿಯಷ್ಟೇ ಉಳಿಸಿದರೆ ಕೆಳಗಿನ ಅಚ್ಯುತರಾಯ ದೇವಾಲಯ ಮತ್ತು ಅದರ ಸುತ್ತಲ ಮಂಜು ಮುಂದೆ ಬಂದು ನಿಲ್ಲುತ್ತವೆ. ಮೂರರ ನಿಯಮ ಅಲ್ಲಿಗೆ ಮುರಿಯಿತು, ಚಿತ್ರ ಮಾತ್ರ ಕೂತಿತು. ಯಾರಿಗೆ ದೊಡ್ಡ ಪಾಲು ಎಂದು ತೀರ್ಮಾನಿಸಿದ್ದೇ ಮುಖ್ಯ. ಆ ಪಾಲು ಮೂರರಲ್ಲಿ ಎರಡೋ ಐದರಲ್ಲಿ ನಾಲ್ಕೋ ಎಂಬುದು ಆಮೇಲಿನ ಮಾತು.

ಬೆಟ್ಟ ಎಲ್ಲಿಗೂ ಓಡುವುದಿಲ್ಲ. ಪ್ರಾಣಿಯ ವಿಷಯ ಬೇರೆ.

ಕಾಡುಪ್ರಾಣಿಗಳ ಫೋಟೊಗ್ರಫಿಗೆ ಬುನಾದಿ ಹಾಕಿದವರಲ್ಲಿ ಅಮೆರಿಕದ ಜಾರ್ಜ್ ಶೈರಾಸ್ ಒಬ್ಬ. ವಕೀಲ, ಕೆಲಕಾಲ ಅಲ್ಲಿನ ಸಂಸತ್ತಿನ ಸದಸ್ಯ, ಮೊದಲಿಗೆ ಬೇಟೆಗಾರ. ಮಿಶಿಗನ್ ರಾಜ್ಯದ ವೈಟ್‌ಫಿಶ್ ಸರೋವರದಲ್ಲಿ ರಾತ್ರಿ ದೋಣಿಯ ಮೂತಿಗೆ ದೀಪ ಕಟ್ಟಿಕೊಂಡು ಜಿಂಕೆಗಳ ಕಣ್ಣಿನ ಹೊಳಪನ್ನು ಹುಡುಕುವುದು ಅಲ್ಲಿನ ಬೇಟೆಯ ಕ್ರಮ. ಶೈರಾಸ್ ಬಂದೂಕಿನ ಜಾಗದಲ್ಲಿ ಕ್ಯಾಮೆರಾ ಇಟ್ಟ, ಮೆಗ್ನೀಸಿಯಂ ಪುಡಿಯನ್ನು ಸಿಡಿಸಿ ಬೆಳಕು ಮಾಡಿದ. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಯಲ್ಲಿ ಆತನ 74 ಚಿತ್ರಗಳು ಅಚ್ಚಾದವು. ಗಂಭೀರ ವಿದ್ವತ್ ಪತ್ರಿಕೆಯನ್ನು ಚಿತ್ರಪುಸ್ತಕ ಮಾಡುತ್ತಿದ್ದಾರೆಂದು ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಆಡಳಿತ ಮಂಡಳಿಯ ಇಬ್ಬರು ರಾಜೀನಾಮೆಯನ್ನೇ ಕೊಟ್ಟರು. ಓದುಗರಿಗೆ ಮಾತ್ರ ಚಿತ್ರಗಳು ಬಹಳ ಹಿಡಿಸಿದವು.

ಆ ಚಿತ್ರಗಳನ್ನು ಈಗ ನೋಡಿದರೂ ಮೈ ಜುಮ್ಮೆನ್ನುತ್ತದೆ. ನೀರಂಚಿನಲ್ಲಿ ಬೆಳ್ಳಗೆ ಬೆಳಗುವ ಜಿಂಕೆ, ಅದರ ಬುಡದಲ್ಲಿ ಅದರದೇ ಪ್ರತಿಬಿಂಬ, ಸುತ್ತ ಕಡುಗಪ್ಪು. ಕತ್ತಲಲ್ಲಿ ಚೌಕಟ್ಟನ್ನು ನೋಡಿ ಹೊಂದಿಸುವ ಮಾತೇ ಇರಲಿಲ್ಲ; ಕಣ್ಣಿನ ಹೊಳಪು ಕಂಡ ಕಡೆ ಕ್ಯಾಮೆರಾ ತಿರುಗಿಸಬೇಕು, ಅಷ್ಟೇ. ಆದರೂ ಅಂಥ ಚಿತ್ರಗಳಲ್ಲಿ ಬೇಡದ ಪೊದೆಯಾಗಲಿ, ಕಣ್ಣು ಎಳೆಯುವ ಕೊಂಬೆಯಾಗಲಿ ಕಾಣುವುದು ಕಡಿಮೆ. ಸಿಡಿದ ಬೆಳಕು ಹತ್ತಿರದ ಪ್ರಾಣಿಗಷ್ಟೇ ತಲುಪಿ, ಹಿಂದಿನ ಕಾಡು ಕತ್ತಲಲ್ಲೇ ಉಳಿಯಿತು. ಕತ್ತರಿಸುವ ಕೆಲಸವನ್ನು ರಾತ್ರಿಯೇ ಮಾಡಿಕೊಟ್ಟಿತು ಎನ್ನಬಹುದು. ವನ್ಯಜೀವಿ ಚಿತ್ರದಲ್ಲಿ ಹಿನ್ನೆಲೆ ಎಷ್ಟು ಸುಮ್ಮನಿದ್ದರೆ ಪ್ರಾಣಿ ಅಷ್ಟು ಮಾತಾಡುತ್ತದೆ ಎಂಬ ಪಾಠ ಅಲ್ಲಿಂದಲೇ ಶುರುವಾಯಿತೆಂದು ನನ್ನ ಅಂದಾಜು.

ಕತೆ ಬೆಂಗಳೂರಿಗೆ ಬರುವ ಹೊತ್ತಿಗೆ ಕೈಯಲ್ಲಿ ಫಿಲ್ಮ್ ಇತ್ತು. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮಿನ ಚೌಕವನ್ನು ಇಮ್ಮಡಿಗೊಳಿಸಿ ಮಾಡಿದ 24×36 ಮಿಲಿಮೀಟರ್ ನೆಗೆಟಿವ್ 1925ರಲ್ಲಿ ಲೈಕಾ ಕ್ಯಾಮೆರಾದೊಂದಿಗೆ ಮಾರುಕಟ್ಟೆಗೆ ಬಂತು. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಆ ನೆಗೆಟಿವಿಗೆ ಚಿತ್ರ ಹಿಗ್ಗಿಸುವ ಯಂತ್ರವಾದ ಎನ್‌ಲಾರ್ಜರ್ ಇಲ್ಲದೆ ಗತಿಯೇ ಇಲ್ಲ. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಬೆಂಗಳೂರು ದೇಶದ ವನ್ಯಜೀವಿ ಛಾಯಾಗ್ರಹಣದ ದೊಡ್ಡ ಗರಡಿಯಾಗಿತ್ತು. ಒ.ಸಿ. ಎಡ್ವರ್ಡ್ಸ್ ಅವರ ಬಳಿ ಪಳಗಿದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಇಲ್ಲಿದ್ದರು. ಅತ್ತ ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿ ಬಜೆಟ್ ಮಂಡಿಸುತ್ತಲೇ ಕಪ್ಪುಬಿಳುಪಿನಲ್ಲಿ ಕಾಡಿನ ನೆರಳುಬೆಳಕನ್ನು ಹಿಡಿದವರು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಕ್ಯಾಮೆರಾ ಹೊತ್ತು ತಿರುಗಿದ್ದು ಕನ್ನಡ ಓದುಗರಿಗೆಲ್ಲ ಗೊತ್ತು.

ಅಂದಿನ ಡಾರ್ಕ್‌ರೂಮಿನಲ್ಲಿ ಕ್ರಾಪ್ ಮಾಡುವುದೆಂದರೆ ಹೇಗಿತ್ತು? ಮೊದಲು ನೆಗೆಟಿವಿನ ಅಳತೆಯದೇ ಕಾಂಟ್ಯಾಕ್ಟ್ ಪ್ರಿಂಟ್ ಅಥವಾ ಒಂದು ಚಿಕ್ಕ ಪ್ರಿಂಟ್. ಅದರ ಮೇಲೆ ಕಪ್ಪು ರಟ್ಟಿನಿಂದ ಇಂಗ್ಲಿಷಿನ ಎಲ್ ಅಕ್ಷರದ ಆಕಾರಕ್ಕೆ ಕತ್ತರಿಸಿದ ಎರಡು ತುಂಡುಗಳನ್ನು ಎದುರುಬದುರು ಇಡುವುದು. ಎರಡು ಎಲ್ ಸೇರಿದರೆ ನಡುವೆ ಒಂದು ಕಿಟಕಿ. ಜಾರಿಸಿದಂತೆ ಕಿಟಕಿ ಹಿಗ್ಗುತ್ತದೆ, ಕುಗ್ಗುತ್ತದೆ, ಅಡ್ಡವಾಗುತ್ತದೆ, ನಿಲ್ಲುತ್ತದೆ. ತೃಪ್ತಿಯಾದಾಗ ಪೆನ್ಸಿಲ್ಲಿನಿಂದ ಗುರುತು. ಆಮೇಲೆ ಕೆಂಪು ದೀಪದಡಿ ಎನ್‌ಲಾರ್ಜರಿನ ತಲೆಯನ್ನು ಕಂಬದ ಮೇಲೆ ಏರಿಸಿ, ಕೆಳಗಿನ ಚೌಕಟ್ಟಿನ ಲೋಹದ ಪಟ್ಟಿಗಳನ್ನು ಗುರುತಿಗೆ ಹೊಂದಿಸಿ, ಬೆಳಕು ಬಿಡುವುದು. ತಲೆ ಮೇಲೇರಿದಷ್ಟೂ ಬೆಳಕು ಮಂಕಾಗುತ್ತದೆ, ಹೆಚ್ಚು ಸೆಕೆಂಡು ಕೊಡಬೇಕು, ಫಿಲ್ಮಿನ ಕಣಗಳು ಮರಳಿನಂತೆ ಎದ್ದು ಕಾಣುತ್ತವೆ. ಕತ್ತರಿಗೆ ಬೆಲೆಯಿದೆ ಎಂಬುದು ಕಾಗದದ ಮೇಲೆ ಕಣ್ಣಾರೆ ಕಾಣುತ್ತಿತ್ತು. ಒಂದು ಹಾಳೆ ಕೆಟ್ಟರೆ ಜೇಬಿಗೂ ತಟ್ಟುತ್ತಿತ್ತು. ಹಾಗಾಗಿ ಅಂದಿನ ಛಾಯಾಗ್ರಾಹಕರು ಮರೆಗುಡಿಸಲಿನಲ್ಲಿ ಕೂತು, ಗೂಡಿನ ಹತ್ತಿರಕ್ಕೆ ಇಂಚಿಂಚಾಗಿ ಸರಿದು, ಕತ್ತರಿಗೆ ಕೆಲಸ ಕಡಿಮೆಯಾಗುವಂತೆ ನೋಡಿಕೊಂಡರು.

ಡಿಜಿಟಲ್ ಕಾಲದಲ್ಲಿ ಬೆಲೆ ಕಾಣುವುದಿಲ್ಲ, ಆದರೆ ತೆರಬೇಕಾದ್ದು ತಪ್ಪಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಸುಮಾರು 6000×4000 ಪಿಕ್ಸೆಲ್. ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಕತ್ತರಿಸಿದರೆ ಉಳಿಯುವುದು ಅರ್ಧವಲ್ಲ, ಕಾಲು ಭಾಗ: 3000×2000, ಅಂದರೆ 6 ಮೆಗಾಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಒಳ್ಳೆಯ ಪ್ರಿಂಟ್ ತೆಗೆದರೆ 10 ಇಂಚು ಅಗಲ. ಫೋನಿನಲ್ಲಿ ತೋರಿಸಲು ಧಾರಾಳ ಸಾಕು, ಗೋಡೆಗೆ ಹಾಕಲು ಸಾಲದು. 400 ಮಿಲಿಮೀಟರ್ ಲೆನ್ಸಿನ ಚಿತ್ರವನ್ನು ಹೀಗೆ ಕತ್ತರಿಸಿದಾಗ 800ರ ಲೆನ್ಸಿನ ನೋಟವೇ ಸಿಗುತ್ತದೆ. ನಿಂತ ಜಾಗ ಬದಲಾಗದಿದ್ದರೆ ಹತ್ತಿರದ ಮರಕ್ಕೂ ದೂರದ ಬೆಟ್ಟಕ್ಕೂ ಇರುವ ಅಳತೆಯ ಸಂಬಂಧ ಬದಲಾಗುವುದಿಲ್ಲವಲ್ಲ. ಆದರೆ ಕೈ ಅಲುಗಿದ್ದು, ಫೋಕಸ್ ಜಾರಿದ್ದು, ಕಡಿಮೆ ಬೆಳಕಿನ ಕಾಳುಕಾಳು ಎಲ್ಲವೂ ಎರಡು ಪಟ್ಟು ದೊಡ್ಡದಾಗಿ ಕಾಣುತ್ತವೆ.

ಒಂದು ಉದಾಹರಣೆ ನೋಡೋಣ. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಚಿತ್ರ. ಬಣ್ಣದ ಕೊಕ್ಕರೆಯೊಂದು ಕೊಕ್ಕಿನಲ್ಲಿ ಕಡ್ಡಿ ಕಚ್ಚಿಕೊಂಡು ಗೂಡಿಗೆ ಇಳಿಯುತ್ತಿದೆ. ಹಕ್ಕಿ ಚೌಕಟ್ಟಿನ ನಟ್ಟನಡುವೆ. ದೋಣಿ ತೂಗಿದ್ದರಿಂದ ನೀರಿನ ಗೆರೆ ಎಡಕ್ಕೆ ವಾಲಿದೆ. ಬಲ ಅಂಚಿನಲ್ಲಿ ಇನ್ನೊಂದು ಕೊಕ್ಕರೆಯ ಬರೀ ಬಾಲ. ಮೇಲೆ ಬಿಳಿಚಿದ ಆಕಾಶ.

ಮೊದಲು ನೇರ ಮಾಡಿ. ಚಿತ್ರ ತಿರುಗಿಸಿದಾಗ ನಾಲ್ಕೂ ಮೂಲೆ ಹೋಗುತ್ತವೆ, ಆದ್ದರಿಂದ ಉಳಿದ ಲೆಕ್ಕವೆಲ್ಲ ಅದಾದ ಮೇಲೆ. ನೀರು ವಾಲಿದ್ದರೆ ನೋಡುವವರ ಮನಸ್ಸು ಬೇರೇನನ್ನೂ ನೋಡುವುದಿಲ್ಲ. ಎರಡನೆಯದು ಆ ಅನಾಥ ಬಾಲ. ಅಂಚಿನಲ್ಲಿ ಅರ್ಧಂಬರ್ಧ ಇರುವ ಯಾವುದೇ ವಸ್ತು ಕಣ್ಣನ್ನು ಹೊರಗೆಳೆಯುತ್ತದೆ, ಅದು ಹೋಗಲಿ. ಬಲದಿಂದ ಕತ್ತರಿಸಿದ್ದರಿಂದ ಎಡಕ್ಕೆ ಹಾರುವ ಹಕ್ಕಿಯ ಮುಂದೆ ತಾನಾಗಿ ಹೆಚ್ಚು ಜಾಗ ಉಳಿಯಿತು. ಅದು ಇಳಿಯಬೇಕಾದ ಗೂಡೂ ಅಲ್ಲೇ ಇದೆ. ಇಲ್ಲಿ ಆಸೆಯಾಗುತ್ತದೆ: ಇನ್ನೂ ಹತ್ತಿರ, ಬರೀ ತಲೆ ಮತ್ತು ಕೊಕ್ಕು? ಬೇಡ. ಕಡ್ಡಿಗೂ ಗೂಡಿಗೂ ನಡುವಿನ ಆ ಮೂರು ಮೊಳದ ಗಾಳಿಯೇ ಚಿತ್ರದ ಕತೆ. ರೆಕ್ಕೆಯ ತುದಿ, ಜೋತ ಕಾಲು ಎರಡಕ್ಕೂ ಅಂಚು ತಾಗದಷ್ಟು ಜಾಗ ಬಿಟ್ಟು ಮೇಲಿನ ಬಿಳಿ ಆಕಾಶವನ್ನು ಇಳಿಸಿ. ಕೊನೆಗೆ 4200×2800 ಪಿಕ್ಸೆಲ್ ಉಳಿದರೂ 14 ಇಂಚಿನ ಪ್ರಿಂಟಿಗೆ ಸಾಕಾಗುತ್ತದೆ.

ಪ್ರಾಣಿಯ ದೇಹವನ್ನು ಕತ್ತರಿಸಲೇಬೇಕಾದರೆ ಕೀಲಿನ ಹತ್ತಿರ ಬೇಡ. ಪಾದ ಮಾತ್ರ ಹೋದ ಜಿಂಕೆ, ಬಾಲದ ತುದಿ ಹೋದ ಮುಸುವ, ಕಿವಿ ತುಂಡಾದ ಆನೆ ಇವೆಲ್ಲ ಅಚಾತುರ್ಯದಂತೆ ಕಾಣುತ್ತವೆ. ಕತ್ತರಿಸಿದರೆ ಬೇಕೆಂದೇ ಕತ್ತರಿಸಿದ್ದಾರೆ ಎನ್ನುವಷ್ಟು ಧೈರ್ಯವಾಗಿ ಕತ್ತರಿಸಬೇಕು.

ಆದರೆ ನಮ್ಮ ಈಗಿನ ವನ್ಯಜೀವಿ ಚಿತ್ರಗಳ ರೋಗ ಅತಿಯಾದ ಕತ್ತರಿಯದು. ಸಫಾರಿ ಜೀಪಿನಿಂದ ಇಳಿದವರೆಲ್ಲ ತೋರಿಸುವುದು ಚೌಕಟ್ಟು ತುಂಬಿದ ಹುಲಿಯ ಮುಖ. ಅದು ನಾಗರಹೊಳೆಯದೋ ಮೃಗಾಲಯದ್ದೋ ಹೇಳುವುದು ಹೇಗೆ? ಕಬಿನಿ ಹಿನ್ನೀರಿನ ಬೇಸಿಗೆಯ ಬಯಲಿನಲ್ಲಿ ಬೆರಳಿನಷ್ಟು ಚಿಕ್ಕದಾಗಿ ಕಾಣುವ ಒಂಟಿ ಸಲಗ, ಹಿಂದೆ ಕಾಡಿನ ಗೆರೆ, ಮುಂದೆ ಒಣಗಿ ಬಿರಿದ ಕೆಸರು. ಇಂಥ ಚಿತ್ರವನ್ನು ಕತ್ತರಿಸಿ ಆನೆಯನ್ನು ಹತ್ತಿರ ತಂದರೆ ಆನೆ ದೊಡ್ಡದಾಗುತ್ತದೆ, ಚಿತ್ರ ಚಿಕ್ಕದಾಗುತ್ತದೆ.

ಕತ್ತರಿಯನ್ನೇ ಮುಟ್ಟದವರೂ ಇದ್ದರು. ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸ್ಸನ್ ಕ್ಲಿಕ್ಕಿಸಿದಾಗಲೇ ಚೌಕಟ್ಟು ಮುಗಿಯಿತು ಎನ್ನುವ ಪಂಥದ ಗುರು. ಆದರೂ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದ ಹಿಂದೆ ತೆಗೆದ, ನೀರಿನ ಮೇಲೆ ಹಾರುವ ಮನುಷ್ಯನ ಜಗತ್ಪ್ರಸಿದ್ಧ ಚಿತ್ರಕ್ಕೆ ಕತ್ತರಿ ಬಿದ್ದಿದೆ. ಬೇಲಿಯ ಹಲಗೆಗಳ ಸಂದಿಯಿಂದ ತೆಗೆದದ್ದರಿಂದ ಹಲಗೆಯೂ ಚಿತ್ರದೊಳಗೆ ಬಂದಿತ್ತು. ಸಿದ್ಧಾಂತಕ್ಕಿಂತ ಚಿತ್ರ ದೊಡ್ಡದೆಂದು ಆತನೂ ಒಪ್ಪಬೇಕಾಯಿತು.

ಕತ್ತರಿಸುವುದಕ್ಕೂ ತಿದ್ದುವುದಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ಜಗತ್ತು ಕಲಿತದ್ದು ಇನ್ನೂ ಈಚೆಗೆ. 1982ರ ಫೆಬ್ರವರಿ ಸಂಚಿಕೆಗೆ ನ್ಯಾಷನಲ್ ಜಿಯಾಗ್ರಫಿಕ್ ಗೀಜಾದ ಪಿರಮಿಡ್‌ಗಳ ಒಂದು ಅಡ್ಡ ಚಿತ್ರವನ್ನು ಮುಖಪುಟಕ್ಕೆ ಆರಿಸಿತು. ಮುಖಪುಟ ಉದ್ದ, ಚಿತ್ರ ಅಡ್ಡ. ಕತ್ತರಿಸಿದರೆ ಒಂದು ಪಿರಮಿಡ್ ತುಂಡಾಗುತ್ತಿತ್ತು. ಅವರು ಕಂಪ್ಯೂಟರಿನಲ್ಲಿ ಪಿರಮಿಡ್‌ಗಳನ್ನೇ ಹತ್ತಿರ ಹತ್ತಿರ ಸರಿಸಿಬಿಟ್ಟರು! ನಾಲ್ಕೂವರೆ ಸಾವಿರ ವರ್ಷ ಕದಲದ ಕಲ್ಲು ಕದಲಿತು. ಗದ್ದಲವೆದ್ದಿತು, ಪತ್ರಿಕೆ ಆಮೇಲೆ ವರ್ಷಗಟ್ಟಲೆ ಅದಕ್ಕೆ ಉತ್ತರ ಹೇಳಬೇಕಾಯಿತು. ಇವತ್ತು ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಮತ್ತು ಅಮೆರಿಕ, ಬ್ರಿಟನ್ನುಗಳ ದೊಡ್ಡ ಸಂಸ್ಥೆಗಳು ಸೇರಿ ಒಪ್ಪಿಕೊಂಡಿರುವ ನಿಸರ್ಗ ಚಿತ್ರದ ವ್ಯಾಖ್ಯೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಚಿತ್ರದಲ್ಲಿರುವ ಯಾವ ವಸ್ತುವನ್ನೂ ಸೇರಿಸುವಂತಿಲ್ಲ, ಜರುಗಿಸುವಂತಿಲ್ಲ, ಬದಲಿಸುವಂತಿಲ್ಲ, ತೆಗೆಯುವಂತಿಲ್ಲ. ತೆಗೆಯಲು ಒಪ್ಪಿಗೆ ಇರುವುದು ಒಂದೇ ದಾರಿಯಲ್ಲಿ, ಕ್ರಾಪ್ ಮಾಡಿ. ನಡುವಿನ ಒಣ ಕೊಂಬೆಯನ್ನು ಅಳಿಸಿದರೆ ಚಿತ್ರ ಸ್ಪರ್ಧೆಯಿಂದ ಹೊರಗೆ. ಅಂಚಿನ ಒಣ ಕೊಂಬೆಯನ್ನು ಕತ್ತರಿಸಿದರೆ ಯಾರೂ ಕೇಳುವುದಿಲ್ಲ.

ಆದ್ದರಿಂದ ಕಾಡಿಗೆ, ಬೆಟ್ಟಕ್ಕೆ ಕ್ಯಾಮೆರಾ ಹೊತ್ತು ಹೋಗುವವರಲ್ಲಿ ಒಂದು ಕೋರಿಕೆ. ಎಷ್ಟು ಬೇಕಾದರೂ ಕತ್ತರಿಸಿ, ಆದರೆ ಕತ್ತರಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಕಡತವನ್ನು ಅಳಿಸಬೇಡಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ‘ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯಲ್ಲಿ ಅಂತಿಮ ಸುತ್ತಿಗೆ ಬಂದವರಿಂದ ಮೊದಲು ಕೇಳುವುದು ಕ್ಯಾಮೆರಾದಿಂದ ಬಂದ ಆ ಮೂಲ ಕಡತವನ್ನೇ.